ದ್ಯಾಮಣ್ಣನನ್ನು ದಾಟಿಹೋದ ಲೂಪು

ಮೊನ್ನೆ ಗಂಗಾವತಿಯ ಒಂದು ಕಾಲೇಜಿನವರು ಕರೆದಿದ್ದರು. ನಿವೃತ್ತಳಾದ ಮೇಲೆ ಹೀಗೆ ಯಾರಾದರೂ ಕರೆದರೆ ನನಗೆ ಒಳಗೊಳಗೇ ಖುಷಿ. ಆದರೂ ಫೋನಿನಲ್ಲಿ ಮಾತ್ರ "ನೋಡೋಣ್ರಿ, ಪುರುಸೊತ್ತು ಆದ್ರ ಬರ್ತೀನಿ" ಅನ್ನುತ್ತೇನೆ. ಪುರುಸೊತ್ತು ಬಿಟ್ಟು ಈಗ ನನ್ನ ಹತ್ತಿರ ಬೇರೇನೂ ಇಲ್ಲ ಎಂಬುದು ಅವರಿಗೆ ಯಾಕೆ ಗೊತ್ತಾಗಬೇಕು? ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮೇಡಂ, ಅರ್ರೇ ಒಳಗ ಆಬ್ಜೆಕ್ಟು, ಅದರ ಒಳಗ ಮತ್ತ ಅರ್ರೇ ಬಂದ್ರ ನಮಗ ತಲಿ ತಿರುಗತೈತ್ರಿ. ನೀವು ಯಾರ ಕಡೆ ಕಲಿತ್ರಿ?" ಎಂದು ಕೇಳಿದಳು. "ಹೆಳವರ ಅಜ್ಜನ ಕಡೆ" ಎಂದೆ. ಎಲ್ಲರೂ ನಕ್ಕರು. ನಾನು ತಮಾಷೆ ಮಾಡಿರಲಿಲ್ಲ. ಅಂದು ಬಿಡಿಸಿ ಹೇಳಲು ಸಮಯ ಸಾಲಲಿಲ್ಲ, ಆದ್ದರಿಂದ ಬರೆದಿಡುತ್ತಿದ್ದೇನೆ.

ನಾನು ಶುರು ಮಾಡಿದ್ದು ಗಂಗಾವತಿಯ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ, ಮಕ್ಕಳಿಗೆ ಬೆರಳು ತಿದ್ದುವ ಕೆಲಸ. ಟೈಪ್‌ರೈಟರುಗಳು ಗುಜರಿಗೆ ಹೋದವು, ಕಂಪ್ಯೂಟರು ಬಂತು, ಕಲಿತೆ. ಆಮೇಲೆ ಕೊಪ್ಪಳದಲ್ಲಿ ಒಂದು ಸಣ್ಣ ಆಫೀಸು ಸೇರಿದೆ. ಕೆಳಗೆ ಸ್ಟೀಲ್ ಪಾತ್ರೆ ಅಂಗಡಿ, ಮೇಲೆ ನಾವು ಐದು ಮಂದಿ. ಸುತ್ತಲಿನ ಶಾಲೆ, ಮಿಲ್ಲು, ಆಸ್ಪತ್ರೆಗಳಿಗೆ ಬೇಕಾದ ಪ್ರೋಗ್ರಾಮುಗಳನ್ನು ಬರೆದುಕೊಡುತ್ತಿದ್ದೆವು. ನಮ್ಮ ಯಜಮಾನರು ವೀರಭದ್ರಪ್ಪ ಸರ್. ಕೋಡನ್ನು ತೆರೆಯ ಮೇಲೆ ಓದುತ್ತಿರಲಿಲ್ಲ. ಕಾಗದಕ್ಕೆ ಮುದ್ರಿಸಿ, ಕೆಂಪು ಪೆನ್ನು ಹಿಡಿದು, ಒಂದೊಂದು ಸಾಲನ್ನೂ ಮಗ್ಗಿ ಹೇಳಿದ ಹಾಗೆ ಗಟ್ಟಿಯಾಗಿ ಓದುತ್ತಿದ್ದರು. ಯಾರಾದರೂ ಕಂಪ್ಯೂಟರಿಗೆ ಬೈದರೆ ಅವರಿಗೆ ಸಿಟ್ಟು ಬರುತ್ತಿತ್ತು. "ಅದಕ್ಕ ಯಾಕ ಬೈತೀರಿ? ನೀವು ಹೇಳಿದ್ದನ್ನ ಮಾಡೇತಿ. ನೀವು ಏನ್ ಹೇಳೀರಿ ಅದನ್ನ ಮೊದಲ ನೋಡ್ರಿ" ಅನ್ನುವರು. ಆ ಮಾತಿನಿಂದ ಆಗ ಕಿರಿಕಿರಿ ಆಗುತ್ತಿತ್ತು. ಈಗ ಯಾರಾದರೂ ಹಾಗೆ ಗದರಿಸಲಿ ಅನ್ನಿಸುತ್ತದೆ.

ನನ್ನ ಮೊದಲ ಮರ್ಯಾದೆ ಹೋದದ್ದು ಕಾರಟಗಿಯಲ್ಲಿ. ಅಲ್ಲಿಯ ಒಂದು ಅಕ್ಕಿ ಮಿಲ್ಲಿಗೆ, ಇವತ್ತು ಯಾವ ಪಾಳಿಯಲ್ಲಿ ಯಾವ ಹಮಾಲರು ಎಂದು ಗೋಡೆಯ ಟಿವಿಯಲ್ಲಿ ಹೆಸರು ತೋರಿಸುವ ಪುಟ ಬೇಕಾಗಿತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಜಾವಾಸ್ಕ್ರಿಪ್ಟಿನಲ್ಲಿ ಸಾಲಾಗಿ ಬರುವುದನ್ನು ಚೌಕ ಬ್ರ್ಯಾಕೆಟ್ಟಿನೊಳಗೆ ಇಡುತ್ತೇವೆ, ಅದು ಅರ್ರೇ. ಒಂದೇ ವಸ್ತುವಿನ ಬೇರೆ ಬೇರೆ ವಿವರಗಳನ್ನು ಫ್ಲವರ್ ಬ್ರ್ಯಾಕೆಟ್ಟಿನೊಳಗೆ ಇಡುತ್ತೇವೆ, ಅದು ಆಬ್ಜೆಕ್ಟ್. ಮಿಲ್ಲು ಒಂದು ಆಬ್ಜೆಕ್ಟ್. ಅದರೊಳಗೆ ಪಾಳಿಗಳ ಅರ್ರೇ. ಒಂದೊಂದು ಪಾಳಿಯೊಳಗೆ ಮತ್ತೆ ಹೆಸರುಗಳ ಅರ್ರೇ. ಒಳಗೆ ಹೊಕ್ಕು ಒಂದೊಂದೇ ಹೆಸರು ತರಲು ಲೂಪು ಬೇಕು. 'ಆಫ್' ಎಂದು ಬರೆದರೆ ಹೆಸರು ಕೈಗೆ ಬರುತ್ತದೆ, 'ಇನ್' ಎಂದು ಬರೆದರೆ ಹೆಸರು ಕೂತ ಜಾಗದ ನಂಬರು ಬರುತ್ತದೆ. ನಾನು 'ಇನ್' ಬರೆದು, ಟಿವಿಗೆ ಹಾಕಿ, ಮಿಲ್ಲಿನವರು ಕೊಟ್ಟ ಚಹಾ ಕುಡಿಯುತ್ತ ಕೂತಿದ್ದೆ. ಹಮಾಲರ ಮೇಸ್ತ್ರಿ ಗೋಡೆಯನ್ನು ನೋಡಿದ, ನನ್ನನ್ನು ನೋಡಿದ. "ಅಕ್ಕಾರ, ನಮ್ಮಲ್ಲಿ ಹುಲಿಗೆಪ್ಪ ಅದಾನ, ರಾಜಾಸಾಬ ಅದಾನ. ಸೊನ್ನಿ ಅನ್ನಾಂವ ಯಾರೂ ಇಲ್ರಿ" ಎಂದ. ಗೋಡೆಯ ಮೇಲೆ ಸೊನ್ನೆ, ಒಂದು, ಎರಡು ಎಂದು ಮಿಂಚುತ್ತಿತ್ತು. ಮುಂದೆ ಎಷ್ಟೋ ತಿಂಗಳು ಆ ಮಿಲ್ಲಿನಲ್ಲಿ ಸೋಮಾರಿ ಹಮಾಲನನ್ನು 'ಸೊನ್ನಿ' ಎಂದೇ ಕರೆಯುತ್ತಿದ್ದರಂತೆ. ಮನುಷ್ಯರನ್ನು ನಂಬರಿನಿಂದ ಕರೆಯಬಾರದು ಎಂದು ಅಂದು ತೀರ್ಮಾನ ಮಾಡಿದೆ. ಆ ತೀರ್ಮಾನ ಮುಂದೆ ನನಗೆ ತಿರುಗಿ ಬಿತ್ತು.

ಹೆಳವರ ಅಜ್ಜನ ವಿಷಯ ಹೇಳುವ ಮೊದಲು ನಮ್ಮ ಅವ್ವನ ವಿಷಯ ಹೇಳಬೇಕು.

ನಮ್ಮದು ಯಲಬುರ್ಗಾ ಕಡೆಯ ಒಂದು ಊರು. ನಮ್ಮ ಕಡೆ ಹೆಳವರೆಂದರೆ ಮನೆತನಗಳ ವಂಶಾವಳಿ ಹೇಳುವವರು. ಮೂರು ವರ್ಷಕ್ಕೊಮ್ಮೆ ಸುಗ್ಗಿ ಮುಗಿದ ಮೇಲೆ ಬಂದು, ಪಡಸಾಲೆಯಲ್ಲಿ ಕೂತು, ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಎಲ್ಲರ ಹೆಸರು ಹೇಳಿ, ಹೊಸದಾಗಿ ಹುಟ್ಟಿದವರನ್ನು ದಫ್ತರದಲ್ಲಿ ಬರೆದುಕೊಂಡು ಹೋಗುತ್ತಿದ್ದರು. ಅಂದು ಅವ್ವ ಒಲೆಯ ಮುಂದೆ ಎಷ್ಟೇ ಕೆಲಸವಿದ್ದರೂ ಬಿಟ್ಟು, ಬಾಗಿಲ ಮರೆಗೆ ಬಂದು ನಿಲ್ಲುತ್ತಿದ್ದಳು. ಅವಳು ಕಾಯುತ್ತಿದ್ದದ್ದು ಒಂದೇ ಹೆಸರಿಗೆ.

ನನಗೊಬ್ಬ ತಮ್ಮ ಇದ್ದ. ದ್ಯಾಮಣ್ಣ. ನಮ್ಮ ಅಪ್ಪ ಹನುಮಪ್ಪ. ಅವನ ಅಪ್ಪ, ಅಂದರೆ ನಮ್ಮ ಮುತ್ಯಾನ ಹೆಸರೂ ದ್ಯಾಮಣ್ಣ. ಮೊದಲ ಮೊಮ್ಮಗನಿಗೆ ಮುತ್ಯಾನ ಹೆಸರಿಡುವುದು ಪದ್ಧತಿ. ಸೊಸೆಯಾದವಳು ಮಾವನ ಹೆಸರನ್ನು ಬಾಯಲ್ಲಿ ಆಡಬಾರದು ಎನ್ನುವುದೂ ಪದ್ಧತಿ. ಹೀಗಾಗಿ ಹೆತ್ತ ಮಗನನ್ನು ಅವ್ವ ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ. 'ಸಣ್ಣ ಮುತ್ಯಾ' ಎನ್ನುತ್ತಿದ್ದಳು. ಅವನಿಗೆ ಐದು ವರ್ಷವಾದಾಗ ಮೂರು ದಿನದ ಜ್ವರದಲ್ಲಿ ಹೋಗಿಬಿಟ್ಟ. ನನಗಾಗ ಒಂಬತ್ತು. ಆಮೇಲೆ ಮನೆಯಲ್ಲಿ ಯಾರೂ ಅವನ ಮಾತೆತ್ತಲಿಲ್ಲ. ಅವನ ನಂತರ ಹುಟ್ಟಿದ ಶರಣಪ್ಪನಿಗೆ ತನಗೊಬ್ಬ ಅಣ್ಣ ಇದ್ದ ಎಂದು ಗೊತ್ತಾದದ್ದೇ ಹೆಳವರ ಅಜ್ಜನ ಬಾಯಿಂದ. "ಹನುಮಪ್ಪನ ಮಕ್ಕಳು ಮೂರು. ಹಿರೇ ಮಗಳು ಗಿರಿಜಾ. ಎರಡನೇಯಾಂವ ದ್ಯಾಮಣ್ಣ, ಐದು ವರ್ಷದ ಕೂಸು, ಶಿವನ ಕಡೆ ಹೋದಾಂವ. ಮೂರನೇಯಾಂವ ಶರಣಪ್ಪ." ಇಷ್ಟೇ. ಅಷ್ಟು ಕೇಳಿ ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಒಲೆಯ ಹತ್ತಿರ ಹೋಗಿಬಿಡುತ್ತಿದ್ದಳು.

ಅಪ್ಪ ತೀರಿದ ಮೇಲೆ ಅವ್ವ ಕೊಪ್ಪಳಕ್ಕೆ ನನ್ನ ಹತ್ತಿರ ಬಂದಳು. ನಾನು ಮದುವೆಯಾಗಿರಲಿಲ್ಲ. ಶರಣಪ್ಪ ಕುಷ್ಟಗಿಯಲ್ಲಿ ಮಾಸ್ತರ. ಹೆಳವರ ಅಜ್ಜ ಊರಿಗೆ ಬರಬೇಕಾದ ವರ್ಷ ಎರಡು ಸರ್ತಿ ದಾಟಿದರೂ ಅವನು ಬರಲಿಲ್ಲ. ಅವ್ವ ನೇರವಾಗಿ ಕೇಳುವವಳಲ್ಲ. "ಅಜ್ಜಗ ಮೊಣಕಾಲ ಬ್ಯಾನಿ ಇರಬೇಕು" ಎಂದು ತನಗೆ ತಾನೇ ಹೇಳಿಕೊಂಡಂತೆ ಹೇಳುತ್ತಿದ್ದಳು. ಪ್ರತಿ ಸಲವೂ ನನಗೆ ಕೇಳಿಸುವ ಹಾಗೆ.

ಒಂದು ಶನಿವಾರ ಮಧ್ಯಾಹ್ನ ಆಫೀಸಿನ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ, ಬಗಲಲ್ಲಿ ಬಟ್ಟೆಯ ಗಂಟು ಹಿಡಿದು ಅಜ್ಜನೇ ಬಂದ. ಇರಕಲ್ಲಗಡದಲ್ಲಿ ಮಗಳ ಮನೆಯಲ್ಲಿದ್ದನಂತೆ. ಬಸ್ಸಿನಲ್ಲಿ ಬಂದಿದ್ದ.

"ನೀ ಯಲಬುರ್ಗಾ ಕಡೆ ದ್ಯಾಮಣ್ಣನ ಮೊಮ್ಮಗಳಲ್ಲ?"

"ಹೌದ್ರಿ ಅಜ್ಜಾ. ಕೂಡ್ರಿ, ನೀರ ಕುಡೀರಿ."

"ನನ್ನ ಕಾಲು ಮುಗದ್ವು ತಂಗಿ. ದಫ್ತರಕ್ಕ ಹುಳ ಹಿಡದೈತಿ. ನೀ ಕಂಪ್ಯೂಟರಿನ್ಯಾಗ ಏನೇನೋ ಹಾಕ್ತಿಯಂತ. ಇದನ್ನೂ ಹಾಕು. ಆದ್ರ ನಾ ಹೇಳಿದಂಗ ಅದು ಹೇಳಬೇಕ ನೋಡು."

ವೀರಭದ್ರಪ್ಪ ಸರ್ ಗಂಟು ಬಿಚ್ಚಿ ಎರಡು ಹಾಳೆ ತಿರುವಿದರು. ಒಂದು ಸಾಲಿನ ಮೇಲೆ ಬೆರಳಿಟ್ಟು, "ಶನಿವಾರ ಮಧ್ಯಾಹ್ನ ನಮಗ ಕೆಲಸ ಕಡಿಮಿ. ಮಾಡ್ರಿ ಗಿರಿಜಾ ಅವರ" ಎಂದರು. ಆಮೇಲೆ ಗೊತ್ತಾಯಿತು, ಅದರಲ್ಲಿ ಅವರ ತಾಯಿಯ ತವರುಮನೆಯೂ ಇತ್ತು.

ಹೀಗೆ ಹಲವು ಶನಿವಾರ ನಡೆಯಿತು. ಅಜ್ಜ ಹೇಳುವುದು, ನಾನು ತುಂಬುವುದು. ಒಬ್ಬ ಮನುಷ್ಯ ಒಂದು ಆಬ್ಜೆಕ್ಟ್. ಅವನ ಹೆಸರು, ಅಪ್ಪನ ಹೆಸರು, ಅವನ ಬಗ್ಗೆ ಒಂದು ಮಾತು, ಕೊನೆಗೆ ಮಕ್ಕಳ ಅರ್ರೇ. ಮಕ್ಕಳೂ ಅಂಥವೇ ಆಬ್ಜೆಕ್ಟುಗಳು, ಅವರೊಳಗೂ ಮಕ್ಕಳ ಅರ್ರೇ. ಓದಿಸಲು ನಾನು ಲೂಪಿನೊಳಗೆ ಲೂಪು, ಅದರೊಳಗೆ ಇನ್ನೊಂದು ಲೂಪು ಬರೆದೆ. ಮೂರು ತಲೆಮಾರು ಚೆನ್ನಾಗಿ ಬಂದವು. ಅಜ್ಜ ಕಣ್ಣು ಮುಚ್ಚಿ ಕೇಳುತ್ತಿದ್ದವನು ಕಣ್ಣು ಬಿಟ್ಟ.

"ಮರಿಮಕ್ಕಳು ಎಲ್ಲಿ ಹೋದ್ರು?"

ನಾಲ್ಕನೇ ಲೂಪು ಸೇರಿಸಿದೆ. ಮುಂದಿನ ವಾರ ಇನ್ನೊಂದು ಮನೆತನದಲ್ಲಿ ಏಳು ತಲೆ. ಏಳನೇ ಲೂಪು ಬರೆಯುವಾಗ ಬ್ರ್ಯಾಕೆಟ್ಟುಗಳಲ್ಲಿ ನಾನೇ ಕಳೆದುಹೋದೆ. ಅಜ್ಜನಿಗೆ ನನ್ನ ತೆರೆ ಅರ್ಥವಾಗುತ್ತಿರಲಿಲ್ಲ, ನನ್ನ ಮುಖ ಅರ್ಥವಾಯಿತು. ಕಿಸೆಯಿಂದ ಒಂದು ಚೀಲ ತೆಗೆದು ಮೇಜಿನ ಮೇಲೆ ಸುರಿದ. ಹುಣಸೆ ಬೀಜ.

"ನೋಡಿಲ್ಲೆ. ಮನಿ ಏಳು ಇರಲಿ ಎಪ್ಪತ್ತು ಇರಲಿ, ನಾ ಮಾಡೂದು ಒಂದ ಕೆಲಸ. ಒಂದು ಮನಿ ಹೊಕ್ಕರ ಒಂದು ಬೀಜ ಇಡ್ತೀನಿ. ಹೆಸರ ಹೇಳ್ತೀನಿ. ಅವನ ಹಿರೇ ಮಗನ ಮನಿ ಹೊಕ್ಕರ ಮತ್ತೊಂದು ಬೀಜ. ಅಲ್ಲೂ ಹೆಸರ ಹೇಳ್ತೀನಿ, ಒಳಗ ಹೋಗ್ತೀನಿ. ಮುಂದ ಮನಿ ಇಲ್ಲ ಅಂದ್ರ ಆ ಬೀಜ ಎತ್ಕೊಂಡು ಹಿಂದಿನ ಬೀಜಕ್ಕ ಬರ್ತೀನಿ. ಅಲ್ಲಿಂದ ಎರಡನೇ ಮಗ. ಎಲ್ಲಾ ಬೀಜ ಚೀಲಕ್ಕ ಬಂದ್ರ ಮನೆತನ ಮುಗೀತು."

"ಮಕ್ಕಳಿಲ್ಲದವ್ರು ಇದ್ರ ಅಜ್ಜಾ?"

"ಅವ್ರ ಬಾಗಿಲಿಗೂ ಹೋಗಬೇಕು. ಹೆಸರ ಹೇಳಬೇಕು, ಆಮ್ಯಾಲೆ ತಿರುಗಬೇಕು. ಮಕ್ಕಳಿಲ್ಲ ಅಂದ ಮಾತ್ರಕ್ಕ ಮನಷ್ಯಾ ಇಲ್ಲಾ ಅಂತ ಅಲ್ಲಲ್ಲ."

ನಾನು ಏಳು ಲೂಪುಗಳನ್ನೂ ಅಳಿಸಿದೆ. ಒಂದೇ ಒಂದು ಫಂಕ್ಷನ್ ಬರೆದೆ: ಹೆಸರು ಹೇಳು, ಮಕ್ಕಳಿದ್ದರೆ ಒಬ್ಬೊಬ್ಬರಿಗೂ ಇದೇ ಕೆಲಸವನ್ನು ಮತ್ತೆ ಮಾಡು. ತನ್ನನ್ನು ತಾನೇ ಕರೆಯುವ ಫಂಕ್ಷನ್. ಪುಸ್ತಕದಲ್ಲಿ ಎಷ್ಟೋ ಸಲ ಓದಿ ಬಿಟ್ಟದ್ದು ಅಂದು ಕೈಗೆ ಬಂತು. ಎಂಟು ಸಾಲಿನ ಕೋಡು. ಏಳು ತಲೆಯ ಮನೆತನ ಗಡಗಡ ಓದಿಕೊಂಡು ಬಂತು. ಸರ್ ಕೆಂಪು ಪೆನ್ನು ಹಿಡಿದು ಓದಿದರು, ಎಲ್ಲಿಯೂ ಗೀಟು ಹಾಕದೆ ಪೆನ್ನಿನ ಕ್ಯಾಪು ಮುಚ್ಚಿದರು. ಅವರ ಕಡೆಯಿಂದ ಅಷ್ಟು ದೊಡ್ಡ ಹೊಗಳಿಕೆ ನನಗೆ ಮತ್ತೆಂದೂ ಸಿಗಲಿಲ್ಲ.

ಹಾಗೆ ಸೊಕ್ಕು ಬಂದಾಗಲೇ ಎಡವುವುದು. ಹೆಳವರ ದಫ್ತರದಲ್ಲಿ ಮಗಳನ್ನು ಕೊಟ್ಟ ಮನೆಯ ಹೆಸರು ಬರೆದು ಅಲ್ಲಿಗೆ ನಿಲ್ಲಿಸುತ್ತಿದ್ದರು. ಹೆಣ್ಣುಮಕ್ಕಳ ಮಕ್ಕಳೂ ಬರಲಿ ಎಂದು ಹಟ ಹಿಡಿದವಳು ನಾನು. ಅಜ್ಜ ಗೊಣಗಿದರೂ ಹೇಳಿದ, ಅವನಿಗೆ ಅವೂ ಬಾಯಿಪಾಠ ಇದ್ದವು. ಆದರೆ ಸಿದ್ದಾಪುರ ಕಡೆಯ ಒಂದು ಮನೆತನದಲ್ಲಿ ಅದೇ ನಾಲ್ಕು ಮಕ್ಕಳು ಎರಡೆರಡು ಸಲ ಬಂದರು. ನೋಡಿದರೆ, ತಮ್ಮನಿಗೆ ಅಕ್ಕನ ಮಗಳನ್ನೇ ತಂದುಕೊಂಡಿದ್ದಾರೆ. ನಮ್ಮ ಕಡೆ ಇದು ಮನೆ ಮನೆಯ ಮಾತು. ಅಕ್ಕನ ಬಾಗಿಲಿನಿಂದ ಹೋದರೂ ಆ ಮಕ್ಕಳು ಸಿಗುತ್ತಾರೆ, ತಮ್ಮನ ಬಾಗಿಲಿನಿಂದ ಹೋದರೂ ಅವರೇ ಸಿಗುತ್ತಾರೆ. ಅಜ್ಜ ಹೊಟ್ಟೆ ಹಿಡಿದು ನಕ್ಕ. "ನಿನ್ನ ಕಂಪ್ಯೂಟರಿಗೆ ನಮ್ಮ ಬೀಗತನ ತಿಳಿಯಂಗಿಲ್ಲ ಬಿಡು" ಎಂದ.

ಸರಿಪಡಿಸುವುದು ಸುಲಭವೆಂದುಕೊಂಡೆ. ಒಮ್ಮೆ ಹೇಳಿದವರನ್ನು ಒಂದು ಕಡೆ ಗುರುತು ಹಾಕಿಕೊಳ್ಳುವುದು, ಮತ್ತೆ ಅವರೇ ಬಂದರೆ ದಾಟಿ ಹೋಗುವುದು. ಅವರೇ ಎಂದು ತಿಳಿಯುವುದು ಹೇಗೆ? ಬರೇ ಹೆಸರು ಸಾಲದು, ಒಂದೇ ಹೆಸರಿನವರು ಬೇಕಾದಷ್ಟು ಜನ ಇರುತ್ತಾರೆ. ಅದು ನನಗೆ ಹೊಳೆದಿತ್ತು. ಆದ್ದರಿಂದ ಹೆಸರಿನ ಜೊತೆಗೆ ಅಪ್ಪನ ಹೆಸರನ್ನೂ ಸೇರಿಸಿ ಗುರುತು ಮಾಡಿದೆ. ಮನುಷ್ಯರಿಗೆ ನಂಬರು ಹಚ್ಚಬಾರದು ಎನ್ನುವ ಕಾರಟಗಿಯ ತೀರ್ಮಾನ ಬೇರೆ ಇತ್ತಲ್ಲ. ಸಿದ್ದಾಪುರದ ಮಕ್ಕಳು ಒಂದೇ ಸಲ ಬಂದರು. ಎಲ್ಲರಿಗೂ ಸಮಾಧಾನ. ಅಜ್ಜ ದಫ್ತರ ಗಂಟು ಕಟ್ಟಿಕೊಂಡು ಇರಕಲ್ಲಗಡಕ್ಕೆ ಹೋದ.

ಅಂದು ಸಂಜೆ ನಮ್ಮ ಮನೆತನದ ಹಾಳೆಗಳನ್ನು ಮುದ್ರಿಸಿಕೊಂಡು ಮನೆಗೆ ಬಂದೆ. "ಯವ್ವಾ, ಅಜ್ಜ ಬರಲಿಲ್ಲ ಅಂತಿದ್ದೆಲ್ಲ, ಇಲ್ಲೆ ಬಂದಾನ ನೋಡು" ಎಂದೆ. ಅವ್ವ ಕೈಯಲ್ಲಿದ್ದ ಅವರೆಕಾಯಿ ಬುಟ್ಟಿಯನ್ನು ಪಕ್ಕಕ್ಕಿಟ್ಟು, ಸೆರಗು ಸರಿಮಾಡಿಕೊಂಡು, ಗೋಡೆಗೆ ಒರಗಿ ಕೂತಳು. ಬಾಗಿಲ ಮರೆ ಈಗ ಬೇಕಿರಲಿಲ್ಲ. ಮೂಲಪುರುಷ ಯಂಕಪ್ಪನಿಂದ ಶುರು ಮಾಡಿದೆ. ಯಂಕಪ್ಪನ ಮಗ ಹನುಮಪ್ಪ, ಹನುಮಪ್ಪನ ಮಗ ದ್ಯಾಮಣ್ಣ, ಅವನ ತಮ್ಮಂದಿರು. ದ್ಯಾಮಣ್ಣನ ಮಗ ಹನುಮಪ್ಪ, ಅಂದರೆ ನಮ್ಮ ಅಪ್ಪ. ಅವ್ವ ಮುಂದಕ್ಕೆ ಬಾಗಿದಳು. "ಹನುಮಪ್ಪನ ಮಕ್ಕಳು. ಗಿರಿಜಾ. ಶರಣಪ್ಪ. ಶರಣಪ್ಪನ ಮಕ್ಕಳು..." ನಾನು ಓದುತ್ತ ಹೋದೆ. ಓದುವ ಭರದಲ್ಲಿ ನನ್ನ ಕಿವಿಗೇ ಅದು ಬೀಳಲಿಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತಿದೆ.

ಓದಿ ಮುಗಿಸಿದೆ. ಅವ್ವ ಅವರೆಕಾಯಿ ಬುಟ್ಟಿಯನ್ನು ಹತ್ತಿರ ಎಳೆದುಕೊಂಡಳು, ಒಂದು ಕಾಯಿ ತೆಗೆದಳು, ಸುಲಿಯಲಿಲ್ಲ.

"ದ್ಯಾಮಣ್ಣನ್ನ ಎಲ್ಲಿ ಬಿಟ್ಟಿ?"

"ಮೊದಲಿಗೇ ಓದಿದ್ನೆಲ್ಲಬೇ, ಮುತ್ಯಾನ ಹೆಸರು" ಎಂದೆ. ಎಂದ ಮೇಲೆ ಹೊಳೆಯಿತು. ಅವ್ವ ಮಾವನ ಹೆಸರು ಹೇಳುವವಳಲ್ಲ. ಮದುವೆಯಾಗಿ ಆ ಮನೆಗೆ ಬಂದಂದಿನಿಂದ ಒಂದು ದಿನವೂ ಹೇಳಿದವಳಲ್ಲ, ಮುತ್ಯಾ ತೀರಿಹೋದ ಮೇಲೂ ಹೇಳಿರಲಿಲ್ಲ. ಅವಳು ಹೇಳಿದ್ದು ಮಗನ ಹೆಸರು. ಅವನನ್ನು ಹೆತ್ತ ಮೇಲೆ ಮೊದಲನೇ ಸಲ.

"ಒಮ್ಮಿ ಹೋದಾಂವನ್ನ ಮತ್ತ ಕಳಿಸ್ತಿಯೇನ?" ಎಂದಳು. ಸಿಟ್ಟಿರಲಿಲ್ಲ ದನಿಯಲ್ಲಿ. ಸಿಟ್ಟಾದರೂ ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಹಾಳೆ ಹಿಡಿದು ಅವಳ ಕಾಲ ಹತ್ತಿರ ಕೂತು ಅತ್ತೆ. ಅವ್ವ ನನ್ನ ತಲೆಯ ಮೇಲೆ ಕೈ ಇಟ್ಟಳು, ಅವರೆಕಾಯಿ ವಾಸನೆಯ ಕೈ.

ಮರುದಿನ ಭಾನುವಾರ. ಕೋಡಿನ ಹಾಳೆ ಹಿಡಿದು ಸರ್ ಅವರ ಮನೆಗೇ ಹೋದೆ. ಅವರು ಜಗಲಿಯ ಮೇಲೆ ಕೂತು ಕೆಂಪು ಪೆನ್ನಿನಿಂದ ಓದುತ್ತ ಬಂದು ಒಂದು ಸಾಲಿಗೆ ನಿಂತರು.

"ಹೆಸರೂ ಒಂದ, ಅಪ್ಪನ ಹೆಸರೂ ಒಂದ ಆದ್ರ ಮನಷ್ಯಾನೂ ಒಬ್ಬನ ಅಂತ ಯಾರ ಹೇಳಿದ್ರು ನಿಮಗ? ನಮ್ಮಲ್ಲಿ ಹೆಸರು ಹೆಂಗ ಇಡ್ತಾರ ಗೊತ್ತಿಲ್ಲೇನ?"

ಗೊತ್ತಿರಲಿಲ್ಲವೇ! ಹನುಮಪ್ಪನ ಮಗ ದ್ಯಾಮಣ್ಣ, ದ್ಯಾಮಣ್ಣನ ಮಗ ಹನುಮಪ್ಪ, ಹನುಮಪ್ಪನ ಮಗ ಮತ್ತೆ ದ್ಯಾಮಣ್ಣ. ಮುತ್ಯಾನೂ ಹನುಮಪ್ಪನ ಮಗ ದ್ಯಾಮಣ್ಣನೇ, ನನ್ನ ತಮ್ಮನೂ ಹನುಮಪ್ಪನ ಮಗ ದ್ಯಾಮಣ್ಣನೇ. ನನ್ನ ಪ್ರೋಗ್ರಾಮು ಆ ಕೂಸಿನ ಬಾಗಿಲವರೆಗೆ ಹೋಗಿ, ಇವನ ಹೆಸರು ಹೇಳಿ ಆಗಿದೆ ಎಂದು ತಿರುಗಿ ಬಂದಿತ್ತು. ನಾನು ಹೇಳಿದ್ದನ್ನೇ ಮಾಡಿತ್ತು. ನನ್ನದೇ ಮನೆಯಲ್ಲಿ, ನನ್ನದೇ ತಮ್ಮ.

ಒಬ್ಬೊಬ್ಬರಿಗೂ ಬೇರೆ ಬೇರೆ ನಂಬರು ಕೊಟ್ಟೆ. ಹೆಸರು ಏನೇ ಇರಲಿ, ನಂಬರು ಬೇರೆ ಇದ್ದರೆ ಮನುಷ್ಯ ಬೇರೆ. ಗೋಡೆಯ ಮೇಲೆ ತೋರಿಸಲು ಅಲ್ಲ, ಗುರುತು ಹಿಡಿಯಲು. ಎಲ್ಲ ಮನೆತನಗಳನ್ನೂ ಮತ್ತೆ ಓದಿಸಿದೆ. ಬಿಟ್ಟುಹೋಗಿದ್ದವರು ಒಬ್ಬೊಬ್ಬರಾಗಿ ಮರಳಿ ಬಂದರು. ಎಷ್ಟೋ ಮಂದಿ ಮುತ್ಯಾಂದಿರ ಹೆಸರು ಹೊತ್ತ ಮಕ್ಕಳು.

ಇರಕಲ್ಲಗಡಕ್ಕೆ ಹೋಗಿ ಅಜ್ಜನಿಗೆ ತಪ್ಪು ಒಪ್ಪಿಕೊಂಡೆ. ಅವನು ಹಾಸಿಗೆ ಹಿಡಿದಿದ್ದ. ದನಿ ಗೊಗ್ಗರಾಗಿತ್ತು.

"ನನಗೂ ಒಂದ್ಸರ್ತಿ ಆಗೇತಿ ತಂಗಿ. ಹರೇದಾಗ. ಈ ಹೆಸರ ಹೇಳೇನಲ್ಲ ಅಂತ ದಾಟಿಸಿಬಿಟ್ಟೆ. ಬಾಗಿಲದಾಗ ನಿಂತ ಹೆಣಮಗಳು ಏನೂ ಅನಲಿಲ್ಲ, ಒಳಗ ಹೋಗಿಬಿಟ್ಟಳು. ಅವತ್ತಿಂದ ಬೀಜ ಹಿಡದೀನಿ. ಬೀಜ ಇಟ್ಟಮ್ಯಾಲೆ ಹೆಸರ ಹೇಳದ ಎತ್ತೂದಿಲ್ಲ."

ಆ ಮನೆ ಯಾವುದು ಎಂದು ಕೇಳಲಿಲ್ಲ. ಅದೇ ನನ್ನ ಮತ್ತು ಅಜ್ಜನ ಕೊನೆಯ ಭೇಟಿ. ಹಾಳೆಗಳ ಕಟ್ಟನ್ನು ಅವನ ಎದೆಯ ಮೇಲಿಟ್ಟಾಗ ಎರಡೂ ಕೈಯಿಂದ ಹಿಡಿದುಕೊಂಡಿದ್ದ.

ಹೊಸ ಹಾಳೆಗಳನ್ನು ಅವ್ವನಿಗೆ ಓದಿದೆ. ಈ ಸಲ ನಿಧಾನ, ಅಜ್ಜ ಹೇಳುತ್ತಿದ್ದ ಮಾತುಗಳಲ್ಲೇ. "ಎರಡನೇಯಾಂವ ದ್ಯಾಮಣ್ಣ, ಐದು ವರ್ಷದ ಕೂಸು, ಶಿವನ ಕಡೆ ಹೋದಾಂವ" ಎಂದು ಓದಿ ನಿಲ್ಲಿಸಿದೆ. ಅವ್ವ ಕಣ್ಣು ಮುಚ್ಚಿದ್ದಳು. ಕಣ್ಣು ತೆರೆಯದೆ, "ಹ್ಞೂಂ, ಮುಂದ ಓದು" ಎಂದಳು. ಆ ಹೆಸರನ್ನು ಅವಳು ಮತ್ತೆ ಹೇಳಲಿಲ್ಲ. ಇನ್ನೊಂದು ಸಲ ಹೇಳಿಸಬೇಕಿತ್ತು ಎಂದು ನನಗೆ ಈಗ ಬಹಳ ಅನ್ನಿಸುತ್ತದೆ. ಆಮೇಲಿನ ವರ್ಷಗಳಲ್ಲಿ ಸುಗ್ಗಿ ಮುಗಿದಾಗಲೆಲ್ಲ ಅವಳೇ ಬಂದು, "ಆ ಕಾಗದ ತಗಿ" ಎನ್ನುವಳು. ಓದುವೆ. ಅದೇ ಜಾಗದಲ್ಲಿ ನಿಲ್ಲಿಸುವೆ. ಅವಳು ಅದೇ ಮಾತು ಹೇಳುವಳು.

ಗಂಗಾವತಿಯ ಆ ಹುಡುಗಿಗೆ ಹೇಳಬೇಕಾದದ್ದು ಇಷ್ಟು: ಬ್ರ್ಯಾಕೆಟ್ಟುಗಳಿಗೆ ಹೆದರಬೇಡಮ್ಮ. ಎಷ್ಟೇ ಆಳ ಇರಲಿ, ಒಂದು ಮನೆ ಹೊಕ್ಕು ಹೊರಗೆ ಬರುವುದನ್ನು ಕಲಿತರೆ ಸಾಕು. ಯಾರನ್ನು ದಾಟಿ ಹೋಗಬಹುದು ಎಂದು ಬರೆಯುವ ಆ ಒಂದು ಸಾಲು ಇರುತ್ತದಲ್ಲ, ಅಲ್ಲಿ ಮಾತ್ರ ಕೈ ತಡೆದು ಯೋಚಿಸು.

ಸರ್ ಆಫೀಸು ಮುಚ್ಚಿದರು. ಈಗ ಅಲ್ಲಿಯೂ ಪಾತ್ರೆ ಇಟ್ಟಿದ್ದಾರೆ. ನನ್ನ ಹತ್ತಿರ ಹಳೆಯ ಲ್ಯಾಪ್‌ಟಾಪು ಇದೆ. ಅವ್ವ ಹೋಗಿ ಮೂರು ವರ್ಷ ಆಯಿತು. ಈ ಸಲ ಸುಗ್ಗಿ ಮುಗಿದ ಮೇಲೆ ಒಂದು ಮಧ್ಯಾಹ್ನ ನಾನೇ ನಮ್ಮ ಮನೆತನವನ್ನು ಓದಿಸಿದೆ. ಅಪ್ಪನ ಕೆಳಗೆ ಮೂರು ಹೆಸರು ಬಂದವು. ನನ್ನ ಮುಂದಿನ ಚೌಕ ಬ್ರ್ಯಾಕೆಟ್ಟು ಖಾಲಿ, ದ್ಯಾಮಣ್ಣನ ಮುಂದಿನದೂ ಖಾಲಿ. ಪ್ರೋಗ್ರಾಮು ಇಬ್ಬರ ಬಾಗಿಲಿಗೂ ಹೋಗಿ, ಹೆಸರು ಹೇಳಿಯೇ ತಿರುಗಿತ್ತು. ಎರಡನೆಯ ಸಾಲನ್ನು ಗಟ್ಟಿಯಾಗಿ ಓದಿ, ರೂಢಿಯಂತೆ ನಿಲ್ಲಿಸಿದೆ. "ಹ್ಞೂಂ, ಮುಂದ ಓದು" ಅನ್ನುವವರು ಮನೆಯಲ್ಲಿ ಯಾರೂ ಇರಲಿಲ್ಲ.